ಮೂವತ್ತು ಕಿಲೋದ ನಾಜೂಕು ಜೀವಿ

ಪಿಯಾನೊ ರಿಪೇರಿ ಮಾಡುವವನು ಎಂದು ಹೇಳಿಕೊಂಡರೆ ಜನ ನನ್ನ ಕಿವಿಗಳನ್ನು ಗೌರವದಿಂದ ನೋಡುತ್ತಾರೆ. ನೋಡಬೇಕಾದದ್ದು ಸೊಂಟವನ್ನು. ಬರೀ ಶ್ರುತಿ ಮಾಡುವುದಾದರೆ ಕಿವಿ ಸಾಕು, ಒಂದು ಕೈಚೀಲ ಸಾಕು. ಆದರೆ ಗ್ರ್ಯಾಂಡ್ ಪಿಯಾನೊದ ತಂತಿಗಳಿಗೆ ಬಡಿಯುವ ಸುತ್ತಿಗೆಗಳು ಸವೆದು ಹೋಗಿವೆ, ಬದಲಾಯಿಸಬೇಕು ಎಂದಾದರೆ ಅದರ ಆ್ಯಕ್ಷನ್ ಪೂರ್ತಿ ಹೊರಗೆ ಬಂದು, ಮೆಟ್ಟಿಲಿಳಿದು, ಕಾರು ಹತ್ತಿ ನನ್ನ ಕಾರ್ಯಾಗಾರ ಸೇರಬೇಕು. ಅದಕ್ಕೆ ಕಾಲಿಲ್ಲವಾದ್ದರಿಂದ ನನ್ನ ಕಾಲುಗಳೇ ಗತಿ.

ಆ್ಯಕ್ಷನ್ ಎಂದರೆ ಒಂದು ಮರದ ಚೌಕಟ್ಟು. ಅದರ ಮೇಲೆ 88 ಕೀಲಿಗಳು, ಒಂದೊಂದಕ್ಕೂ ಪುಟ್ಟ ಸನ್ನೆಕೋಲುಗಳು, ಸ್ಪ್ರಿಂಗುಗಳು, ಕಟ್ಟಕಡೆಗೆ ತೆಳ್ಳನೆಯ ಕಾವಿನ ತುದಿಯಲ್ಲಿ ಉಣ್ಣೆಯ ಫೆಲ್ಟ್ ಹೊದಿಸಿದ ಸುತ್ತಿಗೆ. ಬೆರಳಿಗೆ ಹಗುರವೆನಿಸಲಿ ಎಂದು ಕೀಲಿಗಳ ಒಳಗೆ ಸೀಸದ ತುಂಡುಗಳನ್ನು ಲೆಕ್ಕಹಾಕಿ ಕೂರಿಸಿರುತ್ತಾರೆ. ಬೆರಳಿಗೆ ಕಡಿಮೆಯಾದದ್ದೆಲ್ಲ ನನ್ನ ಬೆನ್ನಿಗೆ ಜಮೆಯಾಗುತ್ತದೆ. ಒಟ್ಟು ಮೂವತ್ತು ಕಿಲೋದ ಆಚೀಚೆ. ಭಾರವಾದ ವಸ್ತು ಗಟ್ಟಿಯಾಗಿರಬೇಕು, ನಾಜೂಕಾದದ್ದು ಹಗುರವಾಗಿರಬೇಕು ಎಂಬ ಲೋಕನೀತಿ ಈ ವಸ್ತುವಿಗೆ ಅನ್ವಯಿಸುವುದಿಲ್ಲ.

1700ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಪಿಯಾನೊ ಕಂಡುಹಿಡಿದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ನಾಲ್ಕು ಸಪ್ತಕಗಳ ಆಸುಪಾಸಿನಲ್ಲೇ ನಿಲ್ಲಿಸಿದ್ದ. ಸಂಭಾವಿತ ಮನುಷ್ಯ. ಆಮೇಲೆ ಬಂದವರು ಅದನ್ನು ಏಳು ಸಪ್ತಕ ದಾಟಿಸುವಾಗ ಹೊರುವವನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಹೊರಗೆಳೆಯುವ ಗಳಿಗೆಯೇ ಗಂಡಾಂತರದ್ದು. ಕೀಲಿಗಳ ಮುಂದಿನ ಪಟ್ಟಿ, ಎರಡು ಪಕ್ಕದ ಮರದ ತುಂಡುಗಳು, ಮುಚ್ಚಳ ಎಲ್ಲ ಬಿಚ್ಚಿದರೆ ಆ್ಯಕ್ಷನ್ ಇಡಿಯಾಗಿ ಮುಂದಕ್ಕೆ ಜಾರುತ್ತದೆ. ಸುತ್ತಿಗೆಗಳ ತಲೆಗೂ ಮೇಲಿನ ಮರಕ್ಕೂ ನಡುವೆ ಇರುವುದು ತುಸುವೇ ಜಾಗ. ಆಗ ಯಾರಾದರೂ ಒಂದು ಕೀಲಿ ಒತ್ತಿದರೆ ಅದರ ಸುತ್ತಿಗೆ ಎದ್ದು ನಿಂತು, ಮರಕ್ಕೆ ಸಿಕ್ಕಿ, ಕಾವು ಲಟಕ್ಕನೆ ಮುರಿಯುತ್ತದೆ. ಈ ಗುಟ್ಟು ಮನೆಯ ಮಕ್ಕಳಿಗೆ ಹೇಗೆ ತಿಳಿಯುತ್ತದೋ! ಒಮ್ಮೆ ಅರ್ಧ ಎಳೆದಿದ್ದೆ, ಪುಟ್ಟ ಹುಡುಗನೊಬ್ಬ ಓಡಿ ಬಂದು, "ಅಂಕಲ್, ಈಗಲೂ ಸದ್ದು ಬರುತ್ತದೆಯೇ?" ಎಂದು ಬೆರಳು ಚಾಚಿದ. ನನ್ನ ಎರಡು ಕೈಗಳೂ ಕೆಲಸದಲ್ಲಿದ್ದವು. ಮುಖವನ್ನೇ ಅಡ್ಡ ಇಟ್ಟೆ. ಬೆರಳು ನೇರ ಮೂಗಿಗೆ ಬಿತ್ತು. ಸದ್ದು ಬಂತು, ನನ್ನಿಂದ.

ಮಕ್ಕಳಾದರೂ ವಾಸಿ, ಸಹಾಯಕ್ಕೆ ಬರುವ ದೊಡ್ಡವರ ಸಹವಾಸ ಬೇಡ. "ಕೆಳಗಿನ ಚೌಕಟ್ಟನ್ನು ಎರಡು ತುದಿಯಲ್ಲಿ ಹಿಡಿಯಿರಿ" ಎಂದರೆ ಅವರ ಕಿವಿಗೆ ಬೀಳುವುದು "ಹಿಡಿಯಿರಿ" ಒಂದೇ. ಕಣ್ಣಿಗೆ ಕಂಡ ಅಡ್ಡಪಟ್ಟಿಗೆ ಕೈ ಹಾಕುತ್ತಾರೆ. ಅದು ಸುತ್ತಿಗೆಗಳನ್ನು ಹಿಡಿದಿರುವ ಪಟ್ಟಿಯೇ ಆಗಿರುತ್ತದೆ. ಅದಕ್ಕೇ ನಾನೀಗ ಎರಡೂ ಕಡೆ ಹಿಡಿಕೆಗಳಿರುವ ಹಲಗೆಯೊಂದನ್ನು ಮಾಡಿಸಿಕೊಂಡಿದ್ದೇನೆ. ಆ್ಯಕ್ಷನ್ ಪಿಯಾನೊದಿಂದ ನೇರ ಹಲಗೆಯ ಮೇಲೆ ಜಾರುತ್ತದೆ, ಬೆಲ್ಟು ಚೌಕಟ್ಟನ್ನು ಬಿಗಿಯುತ್ತದೆ, ಸುತ್ತಿಗೆಗಳ ತಂಟೆಗೆ ಯಾವುದೂ ಹೋಗುವುದಿಲ್ಲ. ಹಿಡಿಕೆ ಕಂಡ ಕೈ ಬೇರೆ ಕಡೆ ಅಲೆಯುವುದಿಲ್ಲ ಎಂಬುದು ಮನುಷ್ಯ ಸ್ವಭಾವದ ಬಗ್ಗೆ ಈ ವೃತ್ತಿ ನನಗೆ ಕಲಿಸಿದ ಏಕೈಕ ಸಮಾಧಾನಕರ ಸಂಗತಿ.

ಲಿಫ್ಟಿನಲ್ಲಿ ಒಬ್ಬ ಹಿರಿಯರು ಇದನ್ನು ಬಹಳ ಹೊತ್ತು ನೋಡಿ, "ಮಗ್ಗವೇ?" ಎಂದು ಕೇಳಿದರು. ವಿವರಿಸಲು ಉಸಿರಿರಲಿಲ್ಲ, ಹೌದೆಂದೆ. ಕೆಳಗೆ ತಲುಪುವಷ್ಟರಲ್ಲಿ ಒಂದು ಹೊದಿಕೆಗೆ ಆರ್ಡರ್ ಕೊಟ್ಟುಬಿಟ್ಟಿದ್ದರು.

ಕೀಲಿಮಣೆಯ ಅಗಲವೇ ಸುಮಾರು 123 ಸೆಂಟಿಮೀಟರ್, ಚೌಕಟ್ಟು ಇನ್ನೂ ಕೊಂಚ ಹೆಚ್ಚು. ಕಾರು ಕೊಳ್ಳುವಾಗ ನಾನು ಅಳತೆ ಟೇಪು ಹಿಡಿದು ಡಿಕ್ಕಿಯೊಳಗೆ ಮಲಗಿದ್ದನ್ನು ಮಾರುವವರು ಇನ್ನೂ ಮರೆತಿರಲಿಕ್ಕಿಲ್ಲ. ಹಿಂದಿನ ಸೀಟು ಮಡಚಿ ಉದ್ದಕ್ಕೆ, ಚಪ್ಪಟೆಯಾಗಿಯೇ ಮಲಗಿಸಬೇಕು. ಜಾಗ ಸಾಲದೆಂದು ಓರೆಯಾಗಿ ನಿಲ್ಲಿಸಿದರೆ ಕೀಲಿಗಳು ತಮ್ಮ ಪಿನ್ನುಗಳನ್ನು ಬಿಟ್ಟು ಹೊರಡುತ್ತವೆ. ಪ್ರತಿ ಕೀಲಿಯ ಮೇಲೂ 1ರಿಂದ 88ರವರೆಗೆ ಸಂಖ್ಯೆ ಹಾಕಿರುವುದು ಅಲಂಕಾರಕ್ಕಲ್ಲ. ಬಿಸಿಲಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋಗುವಂತಿಲ್ಲ. ಮರ, ಫೆಲ್ಟ್, ಅಂಟು ಯಾವುದಕ್ಕೂ ಅದು ಹಿಡಿಸುವುದಿಲ್ಲ. ರಸ್ತೆಯ ಉಬ್ಬು ಬಂತೆಂದರೆ ಉಸಿರು ಬಿಗಿಹಿಡಿದು ದಾಟುತ್ತೇನೆ. ಸೈಕಲ್ಲಿನವರು ನನ್ನನ್ನು ಹಿಂದಿಕ್ಕುವಾಗ ಕಾರು ಕೆಟ್ಟಿದೆಯೇ ಎಂದು ಕನಿಕರದಿಂದ ವಿಚಾರಿಸುತ್ತಾರೆ.

ಕೀಲಿಗಳ ಕೆಳಗೆ ಸಿಗುವ ಪೆನ್ಸಿಲು, ನಾಣ್ಯ, ಗುಂಡುಪಿನ್ನುಗಳನ್ನು ಲಕೋಟೆಗೆ ಹಾಕಿ ಮಾಲೀಕರಿಗೆ ಹಿಂತಿರುಗಿಸುವುದು ನನ್ನ ರೂಢಿ. ಒಂದು ಮನೆಗೆ ಹೊಸ ಸುತ್ತಿಗೆಗಳ ಆ್ಯಕ್ಷನ್ ಹೊತ್ತು ತಂದು, ಒಳಕ್ಕೆ ತಳ್ಳಿ, ಎಲ್ಲ ಸ್ಕ್ರೂ ಬಿಗಿದು, ಲಕೋಟೆ ಕೊಟ್ಟು, ನುಡಿಸಿ ನೋಡಿ ಎಂದೆ. ಮನೆಯಾಕೆ ಪಿಯಾನೊದ ಕಡೆ ತಿರುಗಲೇ ಇಲ್ಲ. ಲಕೋಟೆಯಿಂದ ಕಿವಿಯೋಲೆಯೊಂದನ್ನು ಎತ್ತಿ ಹಿಡಿದು, "ಅಯ್ಯೋ, ಇದು ಇಲ್ಲಿತ್ತೇ!" ಎಂದು ಗಂಡನನ್ನು ಕೂಗಿದರು. ಅವರು ಬಂದು ಓಲೆಯನ್ನು ನೋಡಿದರು, ಪಿಯಾನೊ ನೋಡಿದರು, ಕೊನೆಗೆ ನನ್ನನ್ನು ನೋಡಿ ಬಹಳ ವಿನಯದಿಂದ ಕೇಳಿದರು:

"ಇನ್ನೊಮ್ಮೆ ಹೊರಗೆ ತೆಗೆಯುತ್ತೀರಾ? ಇದರ ಜೋಡಿಯೂ ಅಲ್ಲೇ ಎಲ್ಲೋ ಇರಬೇಕು."