ನಮ್ಮದು ದೊಡ್ಡ ಕ್ಲಬ್ಬು

ಫುಟ್‌ಬಾಲ್ ಅಭಿಮಾನಿಗಳ ಮಾತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ‘ನಾವು’. ಆಡುವವರು ಹನ್ನೊಂದು ಮಂದಿ, ಅವರಿಗೆ ಸಂಬಳ ಕೊಡುವವನು ಯಾರೋ ಒಬ್ಬ ಮಾಲೀಕ. ಗೆದ್ದವರು ಮಾತ್ರ ಯಾವಾಗಲೂ ‘ನಾವು’. ಈ ‘ನಾವು’ಗೆ ದೂರದ ಅಡ್ಡಿಯಿಲ್ಲ, ಕಾಲದ ಹಂಗೂ ಇಲ್ಲ. ನನ್ನ ಗೆಳೆಯನೊಬ್ಬ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನ ಕಟ್ಟಾ ಅಭಿಮಾನಿ. ‘ಎಪ್ಪತ್ತೊಂಬತ್ತರಲ್ಲಿ ನಾವು ಯುರೋಪಿಯನ್ ಕಪ್ ಗೆದ್ದಾಗ’ ಎಂದು ಅವನು ಮಾತು ತೆಗೆದನೆಂದರೆ, ಆ ವರ್ಷ ಅವನಿನ್ನೂ ಹುಟ್ಟಿಯೇ ಇರಲಿಲ್ಲ ಎಂಬುದನ್ನು ಕೇಳುವವರೂ ಮರೆತುಬಿಡುತ್ತಾರೆ. ಇನ್ನೊಬ್ಬ ಗೆಳೆಯ ಆರ್ಸೆನಲ್ ಪಕ್ಷದವನು. ಯಾರ ಕ್ಲಬ್ಬು ದೊಡ್ಡದು ಎಂಬ ಒಂದೇ ವ್ಯಾಜ್ಯವನ್ನು ಇವರಿಬ್ಬರೂ ಹತ್ತಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ನಾನು ಯಾವ ಕ್ಲಬ್ಬಿಗೂ ಸೇರದವನಾದ್ದರಿಂದ ಪಂಚಾಯಿತಿಕೆ ನನ್ನ ಪಾಲಿಗೆ ಬಂದಿದೆ. ಈವರೆಗೆ ಒಂದೇ ಒಂದು ತೀರ್ಪನ್ನೂ ಕೊಡದೆ ಆ ಹುದ್ದೆಯನ್ನು ಉಳಿಸಿಕೊಂಡಿದ್ದೇನೆ.

ತೀರ್ಪು ಕೊಡುವುದಾದರೂ ಹೇಗೆ? ಅಳತೆಗೋಲನ್ನು ತರುವವರು ವಾದಿ ಪ್ರತಿವಾದಿಗಳೇ. ಫಾರೆಸ್ಟ್ ತನ್ನ ದೇಶದ ಲೀಗನ್ನು ಗೆದ್ದದ್ದು 1978ರಲ್ಲಿ, ಒಂದೇ ಸಲ. ಅದರ ಬೆನ್ನಿಗೇ 1979ರಲ್ಲಿ ಮಾಲ್ಮೊ ತಂಡವನ್ನೂ 1980ರಲ್ಲಿ ಹ್ಯಾಂಬರ್ಗ್ ತಂಡವನ್ನೂ ತಲಾ ಒಂದು ಗೋಲಿನಿಂದ ಮಣಿಸಿ, ಖಂಡದ ಶ್ರೇಷ್ಠ ಕ್ಲಬ್ಬನ್ನು ಆರಿಸುವ ಯುರೋಪಿಯನ್ ಕಪ್ಪನ್ನು ಎರಡು ಬಾರಿ ಎತ್ತಿತು. ಸ್ವಂತ ದೇಶವನ್ನು ಗೆದ್ದದ್ದಕ್ಕಿಂತ ಹೆಚ್ಚು ಸಲ ಖಂಡವನ್ನೇ ಗೆದ್ದ ಕ್ಲಬ್ಬು ಇನ್ನೊಂದಿಲ್ಲ. ಅವರ ಅಂಗಿಯ ಲಾಂಛನದ ಮೇಲೆ ಎರಡು ಪುಟ್ಟ ನಕ್ಷತ್ರಗಳಿವೆ. ನನ್ನ ಗೆಳೆಯ ವಾದ ಬಿಸಿಯೇರಿದಾಗ ಮಾತು ನಿಲ್ಲಿಸಿ ಆ ನಕ್ಷತ್ರಗಳನ್ನು ತೋರುಬೆರಳಿನಿಂದ ಎರಡು ಸಲ ಮೆಲ್ಲಗೆ ಮುಟ್ಟುತ್ತಾನೆ, ಅಷ್ಟೇ. ಆರ್ಸೆನಲ್ ಗೆಳೆಯ ಸುಮ್ಮನಿರುವ ಪೈಕಿಯಲ್ಲ. ಲೀಗನ್ನು 13 ಸಲ ಗೆದ್ದ ಲೆಕ್ಕವನ್ನು ಮೊದಲು ಒಪ್ಪಿಸಿ, ವರ್ಷವರ್ಷವೂ ಕೊನೆಯಲ್ಲುಳಿದವರನ್ನು ಕೆಳದರ್ಜೆಗೆ ತಳ್ಳುವ ಲೀಗಿನಲ್ಲಿ 1919ರಿಂದ ಈಚೆಗೆ ತನ್ನ ಕ್ಲಬ್ಬು ಒಮ್ಮೆಯೂ ಮೇಲಿನ ದರ್ಜೆಯಿಂದ ಕೆಳಗಿಳಿದಿಲ್ಲವೆಂದೂ, ಎರಡು ನಕ್ಷತ್ರದವರು ಈ ಶತಮಾನದಲ್ಲೇ ಮೂರನೆಯ ದರ್ಜೆಯ ನೀರು ಕುಡಿದು ಬಂದಿದ್ದಾರೆಂದೂ ನೆನಪಿಸುತ್ತಾನೆ. ಆ 1919ರಲ್ಲಿ ಆರ್ಸೆನಲ್ ಮೇಲೆ ಬಂದದ್ದು ಹೇಗೆ ಎಂದು ಫಾರೆಸ್ಟಿನವನು ಆಗ ಮೆಲ್ಲನೆ ಕೇಳುತ್ತಾನೆ. ಮೊದಲ ಮಹಾಯುದ್ಧದಿಂದಾಗಿ ಲೀಗ್ ನಿಲ್ಲುವ ಮುಂಚಿನ ಕೊನೆಯ ಋತುವಿನಲ್ಲಿ, ಎರಡನೆಯ ದರ್ಜೆಯಿಂದ ಮೇಲೇರಲು ಬೇಕಾದ ಮೊದಲೆರಡು ಸ್ಥಾನಗಳ ಹತ್ತಿರಕ್ಕೂ ಬಾರದ ಆ ಕ್ಲಬ್ಬನ್ನು, ಯುದ್ಧ ಮುಗಿದ ಮೇಲೆ ಲೀಗಿನ ಸದಸ್ಯರು ಮತ ಹಾಕಿ ಮೇಲಕ್ಕೆ ತಂದರು. ನೆರೆಯ ಟಾಟನ್‌ಹ್ಯಾಮ್ ಕೆಳಗಿಳಿಯಿತು. ನೂರು ವರ್ಷ ದಾಟಿದ ಈ ಪ್ರಸಂಗವನ್ನು ಟಾಟನ್‌ಹ್ಯಾಮ್ ಅಭಿಮಾನಿಗಳು ಮೊನ್ನೆ ನಡೆದ ಅನ್ಯಾಯದಂತೆ ಹೇಳಿಕೊಳ್ಳುತ್ತಾರೆ. ಇತಿಹಾಸದ ಇಂಥ ಓದುಗರು ಯಾವ ವಿಶ್ವವಿದ್ಯಾಲಯಕ್ಕೂ ದೊರೆಯಲಾರರು.

ಕಪ್ಪುಗಳ ಲೆಕ್ಕ ಕೈಕೊಟ್ಟವರು ಜನರ ಲೆಕ್ಕ ತೆಗೆಯುತ್ತಾರೆ. ಸಂಡರ್‌ಲ್ಯಾಂಡ್ ಆರು ಸಲ ಲೀಗ್ ಗೆದ್ದ ಕ್ಲಬ್ಬು. ಆರನೆಯದನ್ನು ಗೆದ್ದದ್ದು 1936ರಲ್ಲಿ. 2018ರಲ್ಲಿ ಅದು ಮೂರನೆಯ ದರ್ಜೆಗೆ ಜಾರಿದಾಗಲೂ ಅದರ ಮೈದಾನಕ್ಕೆ ಮೂವತ್ತು ಸಾವಿರ ಜನ ಬರುತ್ತಿದ್ದರು. ಇಂದು ಹಣದ ಕ್ಲಬ್ಬೆಂದು ಹೀಗಳೆಯಲ್ಪಡುವ ಮ್ಯಾಂಚೆಸ್ಟರ್ ಸಿಟಿಯ ಹಳೆಯ ಅಭಿಮಾನಿಗಳು ಎದೆತಟ್ಟಿ ಹೇಳುವ ವರ್ಷ ಯಾವ ಕಪ್ಪು ಗೆದ್ದ ವರ್ಷವೂ ಅಲ್ಲ. ತಾವು ಮೂರನೆಯ ದರ್ಜೆಯಲ್ಲಿ ಬಿದ್ದಿದ್ದ 1998–99ರ ಋತುವಿನಲ್ಲೂ ಮೈದಾನಕ್ಕೆ ತಪ್ಪದೆ ಹೋಗುತ್ತಿದ್ದೆವು ಎಂಬುದೇ ಅವರ ವಂಶಪತ್ರ. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆಯನ್ನು ಅವರು ಕೇಳಿರಲಾರರು, ಆದರೆ ಅದರ ಮೇಲೆ ಬದುಕುತ್ತಿರುವವರು ಅವರೇ. ಇನ್ನು ವಯಸ್ಸೇ ದೊಡ್ಡತನವೆನ್ನುವುದಾದರೆ 1862ರಲ್ಲಿ ಹುಟ್ಟಿದ ನಾಟ್ಸ್ ಕೌಂಟಿಗೆ ಎಲ್ಲರೂ ಎದ್ದು ನಿಂತು ಜಾಗ ಬಿಡಬೇಕು. ಇಟಲಿಯ ಯುವೆಂಟಸ್ ಇಂದಿಗೂ ತೊಡುವ ಕಪ್ಪುಬಿಳುಪಿನ ಪಟ್ಟೆ ಅಂಗಿ 1903ರಲ್ಲಿ ಈ ಕ್ಲಬ್ಬಿನಿಂದ ಎರವಲು ಬಂದದ್ದು. ಅಂಗಿ ಕೊಟ್ಟವರು 2019ರಲ್ಲಿ ನಾಲ್ಕು ದರ್ಜೆಗಳ ಲೀಗ್ ವ್ಯವಸ್ಥೆಯಿಂದಲೇ ಹೊರಬಿದ್ದು ನಾಲ್ಕು ವರ್ಷಗಳ ಮೇಲೆ ಮರಳಿದರು. ಅಂಗಿ ಪಡೆದವರು ಅಷ್ಟರಲ್ಲಿ ತಾವೇ ಯುರೋಪಿನ ಯಜಮಾನರೆಂದು ಘೋಷಿಸಿಕೊಂಡಿದ್ದರು.

ಆ ಘೋಷಣೆ ಬಂದದ್ದು 2021ರ ಏಪ್ರಿಲ್ 18ರ ಭಾನುವಾರ ರಾತ್ರಿ. ಇಂಗ್ಲೆಂಡಿನ ಆರು, ಸ್ಪೇನಿನ ಮೂರು, ಇಟಲಿಯ ಮೂರು, ಹೀಗೆ ಹನ್ನೆರಡು ಕ್ಲಬ್ಬುಗಳು ಸೇರಿ ‘ಸೂಪರ್ ಲೀಗ್’ ಎಂಬ ತಮ್ಮದೇ ಪಂದ್ಯಾವಳಿ ಕಟ್ಟುವುದಾಗಿ ಸಾರಿದವು. ರಿಯಲ್ ಮ್ಯಾಡ್ರಿಡ್‌ನ ಫ್ಲೊರೆಂಟಿನೊ ಪೆರೆಜ್ ಅದರ ಅಧ್ಯಕ್ಷರು. ಒಟ್ಟು ಇಪ್ಪತ್ತು ತಂಡಗಳಲ್ಲಿ ಹದಿನೈದಕ್ಕೆ ಶಾಶ್ವತ ಸ್ಥಾನ, ಎಷ್ಟು ಸೋತರೂ ಅವನ್ನು ಹೊರಹಾಕುವಂತಿಲ್ಲ. ಉಳಿದ ಐದು ತಂಡಗಳು ಮಾತ್ರ ವರ್ಷವರ್ಷವೂ ಅರ್ಹತೆ ಗಳಿಸಿ ಬರಬೇಕು. ಸ್ಥಾಪಕರಿಗೆ 350 ಕೋಟಿ ಯೂರೋ ಹಂಚುವ ಮಾತೂ ಇತ್ತು. ಕೊರೊನಾ ಕಾಲವಾದ್ದರಿಂದ ಕ್ರೀಡಾಂಗಣಗಳೆಲ್ಲ ಖಾಲಿಯಿದ್ದವು. ಜನರಿಲ್ಲದ ಮನೆಯಲ್ಲಿ ಪಾಲು ಪತ್ರ ಬರೆಯುವುದು ಸುಲಭವೆಂದು ಮಾಲೀಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅದೇ ದಿನ ಮಧ್ಯಾಹ್ನ ಆರ್ಸೆನಲ್ ತನ್ನ ಮೈದಾನದಲ್ಲಿ, ಕೆಳದರ್ಜೆಗೆ ಇಳಿಯುವ ಅಂಚಿನಲ್ಲಿದ್ದ ಫುಲ್‌ಹ್ಯಾಮ್ ಎದುರು ಆಡಿ, ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಹೇಗೋ ಒಂದು ಗೋಲು ತುರುಕಿ 1–1ರ ಡ್ರಾ ಮಾಡಿಕೊಂಡಿತ್ತು. ಲೀಗ್ ಪಟ್ಟಿಯಲ್ಲಿ ಅದರ ಸ್ಥಾನ ಒಂಬತ್ತು. ರಾತ್ರಿಯಾಗುವಷ್ಟರಲ್ಲಿ ಅದು ಯುರೋಪಿನ ಶಾಶ್ವತ ಹಿರಿಯರ ಸಾಲಿನಲ್ಲಿ ಕುಳಿತಿತ್ತು. ಫಾರೆಸ್ಟ್ ಗೆಳೆಯ ಫೋನಿನಲ್ಲಿ ನಗುವುದಕ್ಕೂ ಶಕ್ತಿಯಿಲ್ಲದವನಂತೆ ಕೇಳಿದ: ‘ಆರ್ಸೆನಲ್, ಟಾಟನ್‌ಹ್ಯಾಮ್, ಮ್ಯಾಂಚೆಸ್ಟರ್ ಸಿಟಿ, ಮೂವರೂ ಸೇರಿ ಗೆದ್ದಿರುವ ಯುರೋಪಿಯನ್ ಕಪ್ ಎಷ್ಟು ಹೇಳು?’ ಅಂದಿನ ಉತ್ತರ ಸೊನ್ನೆ. ಸಿಟಿ ಗೆದ್ದದ್ದು ಆಮೇಲೆ, 2023ರಲ್ಲಿ. ಎರಡು ಗೆದ್ದ ಫಾರೆಸ್ಟಿಗೂ, 1982ರಲ್ಲಿ ಒಂದು ಗೆದ್ದ ಆಸ್ಟನ್ ವಿಲ್ಲಾಗೂ ಕರೆ ಬಂದಿರಲಿಲ್ಲ. ಒಂಬತ್ತು ಸಲ ಲೀಗ್ ಗೆದ್ದ ಎವರ್ಟನ್‌ಗೂ ಇಲ್ಲ, ಎರಡೇ ಸಲ ಗೆದ್ದ ಟಾಟನ್‌ಹ್ಯಾಮ್‌ಗೆ ಉಂಟು. ದೊಡ್ಡತನವೆಂದರೇನೆಂದು ಅಭಿಮಾನಿಗಳು ತಲೆತಲಾಂತರದಿಂದ ಗುದ್ದಾಡುತ್ತಿದ್ದ ಪ್ರಶ್ನೆಗೆ ಮಾಲೀಕರು ಒಂದು ರಾತ್ರಿಯಲ್ಲಿ ಉತ್ತರ ಬರೆದುಕೊಟ್ಟಿದ್ದರು, ಅದೂ ಆ ರಾತ್ರಿಯ ಲೆಕ್ಕಪುಸ್ತಕವನ್ನು ನೋಡಿ.

ಇದರ ಹಿಂದಿನ ದಿನಕ್ಕೆ ಸರಿಯಾಗಿ 133 ವರ್ಷಗಳ ಕೆಳಗೆ, 1888ರ ಏಪ್ರಿಲ್ 17ರಂದು, ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗನ್ನು ಕಟ್ಟಿದ್ದವು. ಅಲ್ಲಿಯೂ ಹನ್ನೆರಡೇ ಎಂಬುದು ಕಾಕತಾಳೀಯ. ಆದರೆ ಕಾರಣದಲ್ಲಿ ಹೋಲಿಕೆ ಇಲ್ಲದಿಲ್ಲ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಅಧಿಕೃತವಾದ ಮೇಲೆ ಸಂಬಳಕ್ಕೆ ಹಣ ಬೇಕಾಯಿತು, ಹಣಕ್ಕೆ ಪಂದ್ಯಗಳು ಬೇಕಾದವು. ಒಪ್ಪಿಕೊಂಡ ಪಂದ್ಯಗಳೋ, ಎದುರಾಳಿಗೆ ಯಾವುದಾದರೂ ಕಪ್ಪಿನ ಪಂದ್ಯ ಬಂದರೆ ರದ್ದಾಗುತ್ತಿದ್ದವು. ಆಸ್ಟನ್ ವಿಲ್ಲಾದ ಆಡಳಿತದಲ್ಲಿದ್ದ ಬಟ್ಟೆ ವ್ಯಾಪಾರಿ ವಿಲಿಯಂ ಮೆಕ್‌ಗ್ರೆಗರ್ ಇದಕ್ಕೆ ಬೇಸತ್ತು, ನಿಗದಿಯಾದ ದಿನಕ್ಕೆ ನಿಗದಿಯಾದ ಪಂದ್ಯ ನಡೆಯಲೇಬೇಕು ಎಂದು ಕೆಲವು ಕ್ಲಬ್ಬುಗಳಿಗೆ ಪತ್ರ ಬರೆದ. ಹಾಗೆ ಸೇರಿದ ಹನ್ನೆರಡರ ಪಟ್ಟಿಯನ್ನು ಓದುವುದು ನನಗೊಂದು ಹವ್ಯಾಸ. ಅದರಲ್ಲಿ ಪ್ರೆಸ್ಟನ್ ಇದೆ, ಬರ್ನ್ಲಿ ಇದೆ, ಸ್ಟೋಕ್ ಇದೆ, ನಾಟ್ಸ್ ಕೌಂಟಿಯೂ ಇದೆ; 2021ರ ಆರು ಇಂಗ್ಲಿಷ್ ದೈತ್ಯರಲ್ಲಿ ಒಂದೂ ಇಲ್ಲ. ಲಿವರ್‌ಪೂಲ್, ಚೆಲ್ಸಿ ಆಗಿನ್ನೂ ಹುಟ್ಟಿರಲಿಲ್ಲ. ಮೊದಲ ಋತುವಿನ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದ ಪ್ರೆಸ್ಟನ್, ಮರುವರ್ಷವೂ ಗೆದ್ದು, ಆಮೇಲೆ ಇಂದಿನವರೆಗೆ ಲೀಗ್ ಗೆದ್ದಿಲ್ಲ. ಅಂದು ಮೆಕ್‌ಗ್ರೆಗರ್ ಕೂಡ ‘ನಾವೇ ಶಾಶ್ವತ’ ಎಂದು ಬರೆಸಿಕೊಂಡಿದ್ದರೆ ಯುರೋಪಿನ ಹಿರಿಯರ ಸಾಲಿನಲ್ಲಿ ಇಂದು ಆಕ್ರಿಂಗ್ಟನ್ ಇರಬೇಕಿತ್ತು. ಅದು 1893ರಲ್ಲೇ ಲೀಗ್ ಬಿಟ್ಟು, ಬಳಿಕ ಹೇಳಹೆಸರಿಲ್ಲದಂತೆ ಮುಚ್ಚಿಹೋಯಿತು. ಆ ಹನ್ನೆರಡರಲ್ಲಿ ಕೊನೆಯ ನಾಲ್ಕು ಸ್ಥಾನ ಪಡೆದವರು ಮತ್ತೆ ಸೇರಿಸಿಕೊಳ್ಳಿರೆಂದು ಉಳಿದವರ ಮುಂದೆ ಮತ ಕೇಳಬೇಕೆಂಬ ನಿಯಮವಿತ್ತು. ಬಾಗಿಲು ಕಿರಿದಾಗಿತ್ತು ನಿಜ, ಆದರೆ ಗೋಡೆಯಾಗಿರಲಿಲ್ಲ.

ಹಾಗೆಂದು ಸಿಡಿದು ಹೋದವರನ್ನೆಲ್ಲ ಹೊಸ ಕಾಲದ ಪಾಪಿಗಳೆನ್ನಲು ನನಗೆ ಧೈರ್ಯ ಸಾಲದು. ಇಂದು ಜಗತ್ತೇ ನೋಡುವ ಪ್ರೀಮಿಯರ್ ಲೀಗ್ ಹುಟ್ಟಿದ್ದೂ ಹೀಗೆಯೇ. ಮೊದಲ ದರ್ಜೆಯ 22 ಕ್ಲಬ್ಬುಗಳು ಟಿವಿಯ ಹಣವನ್ನು ಕೆಳಗಿನ ದರ್ಜೆಗಳವರೊಂದಿಗೆ ಹಂಚಿಕೊಳ್ಳಲಾರದೆ 1992ರಲ್ಲಿ ಬೇರೆ ಮನೆ ಮಾಡಿದವು. ಐದು ವರ್ಷದ ಪ್ರಸಾರಕ್ಕೆ 30 ಕೋಟಿ 40 ಲಕ್ಷ ಪೌಂಡಿನ ಒಪ್ಪಂದವಾಯಿತು. ಹಳೆಯ ಮೊದಲ ದರ್ಜೆಯ ಕೊನೆಯ ಚಾಂಪಿಯನ್ ಲೀಡ್ಸ್ ಆ ಬೇರೆ ಮನೆಗೆ ಹೋದವರಲ್ಲಿ ಒಂದು. ಅದೇ ಲೀಡ್ಸ್ ಆಟಗಾರರು ಸೂಪರ್ ಲೀಗ್ ಘೋಷಣೆಯ ಮರುದಿನ ಲಿವರ್‌ಪೂಲ್ ಎದುರಿನ ಪಂದ್ಯಕ್ಕೆ ಮುನ್ನ ‘ಗಳಿಸಿಕೊಳ್ಳಿ’ ಎಂದು ಬರೆದ ಅಂಗಿ ತೊಟ್ಟು ಮೈದಾನದಲ್ಲಿ ಓಡಾಡಿದರು. ಇದರಲ್ಲಿ ವ್ಯಂಗ್ಯ ಕಾಣುವವರಿಗೆ ಲೀಡ್ಸ್ ಅಭಿಮಾನಿಗಳ ಬಳಿ ಉತ್ತರ ಸಿದ್ಧವಿದೆ: ಬೇರೆ ಮನೆ ಮಾಡಿದೆವು, ಆದರೆ ಕೆಳಗಿಳಿಯುವ ಏಣಿಯನ್ನು ಎಳೆದುಕೊಂಡು ಹೋಗಲಿಲ್ಲ, 2004ರಲ್ಲಿ ಅದೇ ಏಣಿಯಲ್ಲಿ ನಾವೇ ಕೆಳಗುರುಳಿ ಹದಿನಾರು ವರ್ಷ ವನವಾಸ ಮಾಡಿ ಬಂದೆವು. ಈ ಉತ್ತರಕ್ಕೆ ನನ್ನ ಪಂಚಾಯಿತಿಕೆಯಲ್ಲಿ ಒಂದು ಅಂಕ ಹೆಚ್ಚು ಕೊಟ್ಟಿದ್ದೇನೆ, ಲಿಖಿತವಾಗಿ ಅಲ್ಲದಿದ್ದರೂ.

ಸೂಪರ್ ಲೀಗನ್ನು ಮುರಿದವರಲ್ಲಿ ಮುಂದಿದ್ದವರು ಅದರಿಂದ ಲಾಭ ಪಡೆಯಬೇಕಾಗಿದ್ದ ಕ್ಲಬ್ಬುಗಳ ಅಭಿಮಾನಿಗಳೇ. ಮಂಗಳವಾರ ಸಂಜೆ ಚೆಲ್ಸಿಯ ಮೈದಾನದ ಹೊರಗೆ ಜನ ರಸ್ತೆ ತುಂಬ ನಿಂತು ತಮ್ಮದೇ ತಂಡದ ಬಸ್ಸನ್ನು ತಡೆದರು. ಒಂದು ಕಾಲದಲ್ಲಿ ಅವರೇ ಆರಾಧಿಸುತ್ತಿದ್ದ ಗೋಲ್‌ಕೀಪರ್, ಆಗ ಕ್ಲಬ್ಬಿನ ಸಲಹೆಗಾರನಾಗಿದ್ದ ಪೀಟರ್ ಚೆಕ್, ಗುಂಪಿನ ನಡುವೆ ಬಂದು, ಬಸ್ಸು ಬಿಡಿ, ಸ್ವಲ್ಪ ಕಾಲಾವಕಾಶ ಕೊಡಿ ಎಂದು ಅಂಗಲಾಚುತ್ತಿದ್ದ ದೃಶ್ಯ ಈಗಲೂ ಕಣ್ಣಮುಂದಿದೆ. ಗೋಲು ಕಾಯುವುದರಲ್ಲಿ ಅಷ್ಟು ಗಟ್ಟಿಗನಾಗಿದ್ದ ಮನುಷ್ಯ ಅಂದು ಬರಿಗೈಯಲ್ಲಿ ಕಾಯಬೇಕಾದದ್ದು ಏನನ್ನು ಎಂಬುದು ಪಾಪ ಅವನಿಗೇ ಸರಿಯಾಗಿ ಗೊತ್ತಿದ್ದಂತಿರಲಿಲ್ಲ. ಅದೇ ರಾತ್ರಿ ಆರೂ ಇಂಗ್ಲಿಷ್ ಕ್ಲಬ್ಬುಗಳು ಹಿಂದೆ ಸರಿದವು. ಹೆಚ್ಚು ಕಡಿಮೆ ಎರಡು ದಿನದ ಸಾಮ್ರಾಜ್ಯ.

ಆರ್ಸೆನಲ್ ಗೆಳೆಯ ಆ ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ. ನಮ್ಮದು ದೊಡ್ಡ ಕ್ಲಬ್ಬು ಎಂದು ಅಷ್ಟು ವರ್ಷ ವಾದಿಸಿದವನಿಗೆ, ಹೌದು ದೊಡ್ಡದೇ ಎಂದು ಮುದ್ರೆ ಒತ್ತಿ ಕೊಟ್ಟಾಗ ಮುಖ ತೋರಿಸಲಾಗಲಿಲ್ಲ. ಮುಂದೆ ಸಿಕ್ಕಾಗ, ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ಕೇಳಿದೆ. ‘ಮದುವೆ ಮನೆಯಲ್ಲಿ ಯಾರದೋ ಹೆಸರಿನ ಕುರ್ಚಿಯಲ್ಲಿ ಕೂತ ಹಾಗಾಯ್ತು ಕಣೋ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಕುರ್ಚಿ ಚೆನ್ನಾಗೇ ಇತ್ತು’ ಎಂದೂ ಸೇರಿಸಿದ; ಅವನ ಪ್ರಾಮಾಣಿಕತೆಯನ್ನು ನಾನು ಯಾವತ್ತೂ ಶಂಕಿಸಿದವನಲ್ಲ.

ಆ ವಾರದ ಶುಕ್ರವಾರ ಆರ್ಸೆನಲ್ ಮೈದಾನಕ್ಕೆ ಆಡಲು ಬಂದದ್ದು ಎವರ್ಟನ್, ಕರೆ ಬಾರದ ಆ ಒಂಬತ್ತು ಲೀಗಿನ ಎವರ್ಟನ್. ಹೊರಗೆ ಸಾವಿರಾರು ಅಭಿಮಾನಿಗಳು ಮಾಲೀಕನ ವಿರುದ್ಧ ಕೂಗುತ್ತಿದ್ದರು, ಒಳಗೆ ಆಸನಗಳೆಲ್ಲ ಖಾಲಿ. ಪಂದ್ಯ ಮುಗಿಯಲು ಕಾಲು ಗಂಟೆ ಇರುವಾಗ ಎವರ್ಟನ್ ಆಟಗಾರ ಬದಿಯಿಂದ ಹೊಡೆದ ಚೆಂಡು ಆರ್ಸೆನಲ್ ಗೋಲ್‌ಕೀಪರ್ ಬರ್ನ್ಡ್ ಲೆನೊನ ಕೈಗೆ ಸಿಗದೆ, ಅವನ ಕಾಲಿಗೆ ತಾಗಿ, ಅವನದೇ ಗೋಲಿನೊಳಗೆ ಹೋಯಿತು. ಪಂದ್ಯದ ಏಕೈಕ ಗೋಲು ಅದು. ಐದು ನಿಮಿಷವಾದ ಮೇಲೆ ನನ್ನ ಫೋನ್ ಬಡಿದುಕೊಂಡಿತು. ಆರ್ಸೆನಲ್ ಗೆಳೆಯ ಸೋಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಮಾಲೀಕನ ಬಗ್ಗೆಯೂ ಆಡಲಿಲ್ಲ.

‘ಅದೆಲ್ಲ ಇರಲಿ, ಎವರ್ಟನ್‌ನವರದು ಒಂಬತ್ತೇ ಲೀಗು’ ಎಂದ. ‘ನಮ್ಮದು ಹದಿಮೂರು.’