ಕೇಳುವ ಮೊದಲೇ ಆನ್ ಮಾಡಿಟ್ಟರೆ ಅದು ಒಪ್ಪಿಗೆ ಹೇಗಾಗುತ್ತದೆ?

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಜೋಡಿಸಿಕೊಡಲು ಬಂದ ಹುಡುಗ ಪಟಪಟ ಅಂತ ನೆಕ್ಸ್ಟ್, ನೆಕ್ಸ್ಟ್, ಅಕ್ಸೆಪ್ಟ್ ಒತ್ತುತ್ತಾ ಹೋದ. ನಡುವೆ ಒಂದು ಪುಟ ಬಂತು. ಲೊಕೇಶನ್, ಡಯಾಗ್ನಾಸ್ಟಿಕ್ ಡೇಟಾ (ಅಂದರೆ ಕಂಪ್ಯೂಟರ್ ಹೇಗೆ ನಡೆಯುತ್ತಿದೆ ಅಂತ ಕಂಪನಿಗೆ ಹೋಗುವ ಮಾಹಿತಿ), ನಾವು ಟೈಪ್ ಮಾಡುವುದರ ಮಾಹಿತಿ, ಜಾಹೀರಾತಿನ ಐಡಿ (ನಮಗೆ ತಕ್ಕ ಜಾಹೀರಾತು ತೋರಿಸಲು ಇಡುವ ಗುರುತು). ಪ್ರತಿಯೊಂದಕ್ಕೂ ಒಂದು ಸ್ವಿಚ್. ಎಲ್ಲವೂ ಮೊದಲೇ ಆನ್! "ತಡಿ ಮಾರಾಯ, ಓದೋಣ" ಅಂದೆ. "ಎಲ್ಲರೂ ಹೀಗೇ ಮಾಡೋದು ಸಾರ್, ಏನೂ ಆಗಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಇನ್ನೂ ನಾಲ್ಕು ಕಡೆ ಹೋಗಬೇಕಿತ್ತು. ಯಾರೂ ಓದದೆ ಒತ್ತಿಕೊಂಡು ಹೋಗಲಿ ಅಂತಲೇ ಆ ಪುಟವನ್ನು ಹಾಗೆ ಮಾಡಿದ್ದಾರಲ್ಲ, ನನ್ನ ಸಿಟ್ಟು ಅವರ ಮೇಲೆ.

ನನ್ನದು ಬೇರೆಯವರ ತೆರಿಗೆ ಲೆಕ್ಕ ನೋಡಿಕೊಡುವ ಕೆಲಸ. ಅವರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ ದಿನವಿಡೀ ನನ್ನ ಸ್ಕ್ರೀನ್ ಮೇಲಿರುತ್ತವೆ. ಕ್ಯಾನ್ಸರ್ ಚಿಕಿತ್ಸೆಯ ಖರ್ಚಿಗೆ ತೆರಿಗೆ ವಿನಾಯಿತಿ ಕೇಳುವವರು ಡಾಕ್ಟರ್ ಚೀಟಿ ತಂದುಕೊಡುತ್ತಾರೆ. ಮನೆಯವರಿಗೂ ಹೇಳದ ವಿಷಯ ಅದರಲ್ಲಿರುತ್ತದೆ. ಅದನ್ನೆಲ್ಲ ನನ್ನ ಮೇಲಿನ ನಂಬಿಕೆಯಿಂದ ಕೊಡುತ್ತಾರೆ, ಕಂಪ್ಯೂಟರ್ ಕಂಪನಿಯ ಮೇಲಿನ ನಂಬಿಕೆಯಿಂದಲ್ಲ.

ವಿಂಡೋಸ್ ವಿಷಯವನ್ನೇ ತೆಗೆದುಕೊಳ್ಳಿ. ಆಪ್ಷನಲ್ ಡಯಾಗ್ನಾಸ್ಟಿಕ್ ಡೇಟಾ ಆನ್ ಇದ್ದರೆ ಏನೇನು ಹೋಗುತ್ತದೆ ಅಂತ ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಅವರದೇ ಬ್ರೌಸರ್ ಎಡ್ಜ್‌ನಲ್ಲಿ ನೋಡಿದ ವೆಬ್‌ಸೈಟುಗಳ ಮಾಹಿತಿ ಹೋಗುತ್ತದೆ. ಏನಾದರೂ ಕ್ರ್ಯಾಶ್ ಆದರೆ ಆ ಹೊತ್ತಿನ ಮೆಮೊರಿಯಲ್ಲಿ ಇದ್ದದ್ದೂ ಹೋಗುತ್ತದೆ. ಆಗ ನೀವು ತೆರೆದಿದ್ದ ಫೈಲಿನ ಒಂದಷ್ಟು ಭಾಗ ಅದರಲ್ಲಿ ಸೇರಿಕೊಳ್ಳಬಹುದು ಅಂತ ಅವರೇ ಹೇಳುತ್ತಾರೆ. ಆ ಫೈಲು ನನ್ನ ಆಫೀಸಿನಲ್ಲಿ ಯಾರದ್ದಾಗಿರುತ್ತದೆ? ಆ ಕಾಯಿಲೆಯವರದ್ದಲ್ವಾ? ಅವರನ್ನು ಯಾರು ಕೇಳಿದರು?

ಇದನ್ನು ಆಫ್ ಮಾಡಬಹುದು, ನಿಜ. ಆದರೆ ರಿಕ್ವೈರ್ಡ್, ಅಂದರೆ ಕಡ್ಡಾಯದ ಡಯಾಗ್ನಾಸ್ಟಿಕ್ ಡೇಟಾ ಅಂತ ಇನ್ನೊಂದಿದೆ. ವಿಂಡೋಸಿನ ಹೋಮ್, ಪ್ರೊ ಆವೃತ್ತಿ ಕೊಂಡ ನಮ್ಮಂಥವರಿಗೆ ಅದನ್ನು ಪೂರ್ತಿ ಆಫ್ ಮಾಡುವ ಸ್ವಿಚ್ಚೇ ಇಲ್ಲ. ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಇದೆ. ದೊಡ್ಡವರು ಬೇಡ ಅನ್ನಬಹುದು, ನಾವು ಅನ್ನುವ ಹಾಗಿಲ್ಲ.

"ಈ ಡೇಟಾ ಇಲ್ಲದಿದ್ದರೆ ದೋಷ ಸರಿಮಾಡೋದು ಹೇಗೆ?" ಅಂತ ಸಾಫ್ಟ್‌ವೇರ್ ಗೆಳೆಯರು ಕೇಳುತ್ತಾರೆ. ಆಯ್ತು, ಸ್ವಲ್ಪ ಬೇಕು ಅಂತಲೇ ಇಟ್ಟುಕೊಳ್ಳೋಣ. 2016ರ ಜುಲೈನಲ್ಲಿ ಫ್ರಾನ್ಸಿನ ಸಿಎನ್‌ಐಎಲ್ ಅನ್ನುವ ಡೇಟಾ ರಕ್ಷಣಾ ಸಂಸ್ಥೆ ವಿಂಡೋಸ್ 10ರ ಬಗ್ಗೆ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು. ಬೇಕಾದ್ದಕ್ಕಿಂತ ಜಾಸ್ತಿ ಡೇಟಾ ತೆಗೆದುಕೊಳ್ಳುತ್ತಿದ್ದೀರಿ, ಜಾಹೀರಾತಿನ ಐಡಿಯನ್ನು ಕೇಳದೆ ಆನ್ ಮಾಡಿಟ್ಟಿದ್ದೀರಿ ಅನ್ನುವುದು ದೂರು. ಆಮೇಲೆ ಬೇಸಿಕ್ ಅನ್ನುವ ಕಡಿಮೆ ಮಟ್ಟದಲ್ಲಿ ತೆಗೆದುಕೊಳ್ಳುತ್ತಿದ್ದ ಡೇಟಾ ಸುಮಾರು ಅರ್ಧಕ್ಕೆ ಇಳಿಯಿತು. ವಿಂಡೋಸ್ ನಿಂತುಹೋಯಿತಾ? ಇಲ್ಲವಲ್ಲ. ಹಾಗಾದರೆ ಕೈಬಿಟ್ಟ ಆ ಅರ್ಧ ಮೊದಲು ಯಾಕೆ ಬೇಕಿತ್ತು? 2017ರಲ್ಲಿ ನೆದರ್ಲೆಂಡ್ಸ್‌ನ ಡೇಟಾ ರಕ್ಷಣಾ ಸಂಸ್ಥೆ ಇನ್ನೂ ನೇರವಾಗಿ ಹೇಳಿತು: ಮೊದಲೇ ಆನ್ ಇದ್ದದ್ದನ್ನು ಒಬ್ಬರು ಬದಲಾಯಿಸಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದರು ಅಂತ ಅರ್ಥವಲ್ಲ. ನಾನು ಹೇಳುತ್ತಿರುವುದೂ ಇಷ್ಟೇ.

ಒಂದೇ ಕಂಪನಿಯ ಚಟ ಅಂತಲೂ ಅಲ್ಲ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದರ 2012ರ 12.10 ಆವೃತ್ತಿಯಲ್ಲಿ ನಮ್ಮದೇ ಕಂಪ್ಯೂಟರಿನಲ್ಲಿ ಫೈಲ್ ಹುಡುಕಿದರೂ ಆ ಪದ ಹೊರಗೆ ಹೋಗಿ ಅಮೆಜಾನ್ ಸಾಮಾನುಗಳು ಬಂದು ನಿಲ್ಲುತ್ತಿದ್ದವು. ಅದೂ ಆನ್ ಆಗಿಯೇ ಬಂದಿತ್ತು. ಜನ ಬೈದರು, 2016ರ ಹೊತ್ತಿಗೆ ಅದನ್ನು ಆಫ್ ಮಾಡಿ ಕೊಟ್ಟರು. ಅದೇ ಥರದ ಇನ್ನೊಂದು ಸಿಸ್ಟಮ್ ಡೆಬಿಯನ್ ನೋಡಿ. ಯಾವ ಪ್ಯಾಕೇಜ್ (ಅಂದರೆ ಸಾಫ್ಟ್‌ವೇರ್) ಬಳಸುತ್ತೀರಿ ಅಂತ ತಿಳಿಸುತ್ತೀರಾ ಎಂದು ಇನ್‌ಸ್ಟಾಲ್ ಮಾಡುವಾಗ ಕೇಳುತ್ತದೆ. ಮೊದಲೇ ಆಯ್ಕೆಯಾಗಿರುವ ಉತ್ತರ 'ಬೇಡ'. ಮರ್ಯಾದೆಯಿಂದ ಕೇಳುವುದು ಅಂದರೆ ಹೀಗೆ.

ನಿಜ ಹೇಳಬೇಕು ಅಂದರೆ ನನಗೆ ಕೋಪಕ್ಕಿಂತ ಭಯ ಜಾಸ್ತಿ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನ ರೀಕಾಲ್ ಬಗ್ಗೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಕೆಲವು ಸೆಕೆಂಡಿಗೊಮ್ಮೆ ಸ್ಕ್ರೀನಿನ ಚಿತ್ರ ತೆಗೆದು ಇಟ್ಟುಕೊಳ್ಳುವ ಸೌಲಭ್ಯ ಅದು. ಚಿತ್ರಗಳು ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ ಅಂದರು. ಇದ್ದರೇನು, ಕಂಪ್ಯೂಟರಿಗೆ ನುಗ್ಗಿದವರು ಅದನ್ನೆಲ್ಲ ಸುಲಭವಾಗಿ ಓದಬಹುದು ಅಂತ ಭದ್ರತಾ ಪರಿಣತರು ತೋರಿಸಿಕೊಟ್ಟರು. ಗಲಾಟೆಯಾದ ಮೇಲೆ ಜೂನ್‌ನಲ್ಲಿ ಅದನ್ನು ಮುಂದೂಡಿದರು, ನಾವಾಗಿ ಆನ್ ಮಾಡಿದರೆ ಮಾತ್ರ ಅಂತ ಬದಲಾಯಿಸಿದರು. ಗಲಾಟೆ ಆಗದಿದ್ದರೆ?

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಆಗಲೂ ಇದೇ ಕತೆ. ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬೇಕೆಂದರೆ ನಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟಿನ ಕ್ಲೌಡಿಗೆ ಬ್ಯಾಕಪ್ ಮಾಡಬೇಕು, ಇಲ್ಲವೇ ದುಡ್ಡು ಅಥವಾ ರಿವಾರ್ಡ್ ಪಾಯಿಂಟ್ ಕೊಡಬೇಕು. ಯುರೋಪಿನ ಗ್ರಾಹಕ ಸಂಘಟನೆಗಳು ತಕರಾರು ಮಾಡಿದ್ದಕ್ಕೆ ಅಲ್ಲಿನವರಿಗೆ ಬ್ಯಾಕಪ್ ಷರತ್ತು ತೆಗೆದರು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ.

"ನಿನ್ನ ಹತ್ತಿರ ಮುಚ್ಚಿಡೋಕೆ ಏನಿದೆ?" ಅಂತ ಕೇಳುವವರಿಗೆ ಉತ್ತರ ಮೇಲೆಯೇ ಇದೆ. ಓದಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಆ ಹೋರಾಟಕ್ಕೆ ಇಳಿದವರು ಅವರು. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆ ಅಂದರೆ ಸ್ಪಷ್ಟವಾಗಿ ನಾವೇ ಕೊಟ್ಟದ್ದಾಗಿರಬೇಕು ಅಂತಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು ಅಂತಲೂ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಕಂಪನಿಗಳಿಗೆ ತಯಾರಾಗಲು 18 ತಿಂಗಳು ಸಮಯ ಸಿಕ್ಕಿದೆ. ಆಮೇಲೂ ಆ ಪುಟ ಹೀಗೇ ಇದ್ದರೆ ನಾನು ದೂರು ಕೊಡುವವನೇ. ಜೊತೆಗೆ ಯಾರು ಬರುತ್ತೀರಿ?

ಅಲ್ಲಿಯವರೆಗೆ ಇಷ್ಟಾದರೂ ಮಾಡಿ. ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಡಯಾಗ್ನಾಸ್ಟಿಕ್ಸ್ ಆಂಡ್ ಫೀಡ್‌ಬ್ಯಾಕ್. ಆಪ್ಷನಲ್ ಅನ್ನುವುದನ್ನು ಆಫ್ ಮಾಡಿ. ಕೆಳಗೆ ಡಿಲೀಟ್ ಡಯಾಗ್ನಾಸ್ಟಿಕ್ ಡೇಟಾ ಅಂತ ಇದೆ, ಅದನ್ನೂ ಒತ್ತಿ. ಅಪ್ಪ ಅಮ್ಮನ ಕಂಪ್ಯೂಟರಿನಲ್ಲೂ ಮಾಡಿಕೊಡಿ. ಗೊತ್ತಾಗದಿದ್ದರೆ ಸಂಜೆ ಏಳರ ಮೇಲೆ ಫೋನ್ ಮಾಡಿ, ಹೇಳಿಕೊಡುತ್ತೇನೆ.