ಸವೆದಿದೆ ಅನ್ನೋ ಮೊದಲು ಆ ನಾಣ್ಯವನ್ನು ಇನ್ನೊಮ್ಮೆ ನೋಡಿ

ಶಾತವಾಹನರ ಆನೆ ನಾಣ್ಯ ಕೈಗೆ ಬಂದ ಕೂಡಲೇ ಹೊಸಬರು ಕೇಳುವುದು ಒಂದೇ: "ಅಕ್ಷರ ಎಲ್ಲ ಸವೆದಿದೆ, ಯಾವ ರಾಜಂದು?" ಎಷ್ಟೋ ಸಲ ಅಲ್ಲಿ ಅಕ್ಷರ ಸವೆದಿರುವುದಲ್ಲ, ಮೂಡಿಯೇ ಇಲ್ಲ. ಅಚ್ಚು ದೊಡ್ಡದು, ಅದನ್ನು ಒತ್ತುವ ಲೋಹದ ಬಿಲ್ಲೆ ಚಿಕ್ಕದು. ಆನೆ ನಡುವೆ ಸರಿಯಾಗಿ ಕೂತರೂ ಸುತ್ತಲಿನ ಬರಹ ಅರ್ಧ ಹೊರಗೇ ಉಳಿಯುತ್ತಿತ್ತು. ಇಲ್ಲದ ಅಕ್ಷರಕ್ಕಾಗಿ ಹುಣಸೆಹಣ್ಣು ಹಾಕಿ ಉಜ್ಜುವವರನ್ನು ಕಂಡರೆ ಸಂಕಟವಾಗುತ್ತೆ.

ವ್ಯತ್ಯಾಸ ಹಿಡಿಯುವುದು ಸುಲಭ. ಸವೆತ ಮೊದಲು ತಿನ್ನುವುದು ಉಬ್ಬನ್ನು: ಆನೆಯ ಹೊಟ್ಟೆ, ತೊಡೆ ಚಪ್ಪಟೆಯಾಗಿ, ಕಾಲುಗಳ ನಡುವಿನ ತಗ್ಗು ಮಾತ್ರ ಉಳಿದಿರುತ್ತೆ. ಅಚ್ಚು ಸರಿದಿದ್ದರೆ ಉಳಿದ ಗೆರೆ ಚೂಪಾಗಿದ್ದು, ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತೆ. ಮಣ್ಣಿನ ತುಕ್ಕಾದರೆ ಉಬ್ಬು-ತಗ್ಗು ಎರಡರಲ್ಲೂ ಗುಳಿ.

ನೋಡಲು ದೀಪ ಮೇಲಿಂದ ಬೇಡ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೇಜಿನ ಮಟ್ಟಕ್ಕೇ ಇಟ್ಟು ನಾಣ್ಯವನ್ನು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಏಳುತ್ತೆ.

ಹಿಂಬದಿಯಲ್ಲಿ ಕೂಡಿಸುವ ಗುರುತಿನಂಥ (+) ಗೆರೆಯ ನಾಲ್ಕು ತುದಿಗೆ ನಾಲ್ಕು ವೃತ್ತ ಇದ್ದರೆ ಅದು ಉಜ್ಜಯಿನಿ ಚಿಹ್ನೆ. ಎರಡು ವೃತ್ತ ಉಳಿದಿದ್ದರೂ ಗುರುತು ಸಿಗುತ್ತೆ. ಆದರೆ ಉಜ್ಜಯಿನಿಯ ಸ್ಥಳೀಯ ತಾಮ್ರದ ನಾಣ್ಯಗಳಲ್ಲೂ ಅದೇ ಇದೆ, ಹಾಗಾಗಿ ಮುಂಬದಿಯ ಸೊಂಡಿಲೆತ್ತಿದ ಆನೆ, ಲೋಹ, ತೂಕ ಎಲ್ಲ ಕೂಡಬೇಕು. ಅಕ್ಷರ ಕೊನೆಗೆ. ಬ್ರಾಹ್ಮಿ ಲಿಪಿಯ 'ಕ' ಕೂಡಿಸುವ ಗುರುತಿನ ಹಾಗಿದ್ದು, ಕೆಳಗಿನ ಕಡ್ಡಿ ಉದ್ದ. ಅದು ಸಿಕ್ಕಿತೆಂದರೆ 'ಸಾತಕಣಿಸ', ಅಂದರೆ ಪ್ರಾಕೃತದಲ್ಲಿ 'ಶಾತಕರ್ಣಿಯ' ಅಂತ ಇರಬಹುದು. ಅಲ್ಲಿಗೇ ನಿಲ್ಲಿಸಿ! ಸಾತಕಣಿ ಅನ್ನೋ ಹೆಸರು ಹಲವು ರಾಜರದ್ದು. ಆ ಹೆಸರಿಗೂ ಮೊದಲು ಬರುವ 'ಯಞ' (ಯಜ್ಞ) ಓದಲಾಗದೆ ಯಜ್ಞ ಶಾತಕರ್ಣಿ ಎಂದು ಚೀಟಿ ಬರೆಯುವುದು ಬರೀ ಊಹೆ.

ನಾಣ್ಯ ಸೀಸದ್ದಾದರೆ ತೊಳೆಯಲು ವಿನೆಗರ್, ನಿಂಬೆ ಮುಟ್ಟಿಸಲೇಬೇಡಿ. ಡಿಸ್ಟಿಲ್ಡ್ ನೀರಲ್ಲಿ ನೆನೆಸುವುದು ತಾಮ್ರಕ್ಕೆ ಸರಿ, ಸೀಸವನ್ನು ಅದು ತಿನ್ನುತ್ತೆ. ಮರದ ಡ್ರಾಯರಿನ ಆಮ್ಲದ ಆವಿಗೂ ಬಿಳಿ ಪುಡಿ ಏಳುತ್ತೆ. ಆ ಪುಡಿ ವಿಷ, ಮುಟ್ಟಿದ ಕೈ ತೊಳೆದುಕೊಳ್ಳಿ.

ಇನ್ನೊಂದು ಮಾತು, ಸೀಸ ಕಂಡಲ್ಲೆಲ್ಲ ಶಾತವಾಹನ ಅನ್ನಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಸದಕಣ ಮಹಾರಥಿ ಎಂಬ ಸ್ಥಳೀಯ ಒಡೆಯನ ಸೀಸದ ನಾಣ್ಯದಲ್ಲಿ ಡುಬ್ಬದ ಗೂಳಿ, ಹಿಂದೆ ಕಟಾಂಜನದೊಳಗಿನ ಮರ ಮತ್ತು ಬೆಟ್ಟ. ಕಾರವಾರದ ಕಡೆಯ ಚುಟುಕುಲಾನಂದ, ಮುಳಾನಂದ ಎಂಬ ಅರಸರ ದೊಡ್ಡ ಸೀಸದ ಬಿಲ್ಲೆಗಳಲ್ಲಿ ಗೂಳಿ ಇಲ್ಲ, ಮುಂಬದಿಯಲ್ಲೇ ಕಮಾನು ಕಮಾನಾದ ಬೆಟ್ಟ, ಹಿಂದೆ ಮರ.